ಎರಡು ವಿಮಾನಗಳ ನಡುವಿನ ದೂರ: ವೆಕ್ಟರ್ ಲೆಕ್ಕ ತಪ್ಪಿದ್ದೆಲ್ಲಿ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣವನ್ನು ಮೂಲಬಿಂದುವಾಗಿಟ್ಟು ನಾನೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಮೊದಲ ವಿಮಾನ ಉತ್ತರದಿಂದ ಪ್ರದಕ್ಷಿಣವಾಗಿ 60 ಡಿಗ್ರಿ ದಿಕ್ಕಿನಲ್ಲಿ, ನೆಲದ ಮೇಲಿನ ಅಳತೆಯಲ್ಲಿ 20 ಕಿ.ಮೀ. ದೂರ, 10,000 ಅಡಿ ಎತ್ತರದಲ್ಲಿದೆ; ಎರಡನೆಯದು 150 ಡಿಗ್ರಿ, 15 ಕಿ.ಮೀ., 20,000 ಅಡಿ. ಪ್ರತಿ ವಿಮಾನದ ಸ್ಥಾನವನ್ನು ಪೂರ್ವ, ಉತ್ತರ, ಎತ್ತರ ಎಂಬ ಮೂರು ಘಟಕಗಳ ವೆಕ್ಟರ್ ಆಗಿ ಬರೆದು ಒಂದರಿಂದ ಇನ್ನೊಂದನ್ನು ಕಳೆದಾಗ, ಎರಡರ ನಡುವಿನ ದೂರ 10000.04 ಎಂದು ಬಂತು.

ಅಡಿಯನ್ನು ಕಿ.ಮೀ.ಗೆ ಬದಲಿಸದೆ ಸೇರಿಸಿದ್ದು ಮೊದಲ ತಪ್ಪು. ಅದನ್ನು ತಿದ್ದಿದ ಮೇಲೂ 30.05 ಬಂತು. ಸೈನ್, ಕೊಸೈನ್‌ಗಳನ್ನು ಅದಲುಬದಲು ಮಾಡಿದರೂ, ಕಳೆಯುವ ಕ್ರಮವನ್ನು ತಿರುಗಿಸಿದರೂ ಉತ್ತರ ಕದಲಲಿಲ್ಲ. ಎರಡೂ ವಿಮಾನಗಳಿಗೆ ಒಂದೇ ರೀತಿ ಅದಲುಬದಲು ಮಾಡಿದರೆ ದೂರ ಬದಲಾಗುವುದೇ ಇಲ್ಲ.

ಸುಳಿವು ಸಿಕ್ಕಿದ್ದು ಘಟಕಗಳನ್ನು ಬಿಡಿಬಿಡಿಯಾಗಿ ಬರೆದಾಗ. 60 ಡಿಗ್ರಿಯಲ್ಲಿರುವ ವಿಮಾನ ಸೋಗಾನೆಯ ಪೂರ್ವಕ್ಕೇ ಇರಬೇಕು, ಆದರೆ ಅದರ ಪೂರ್ವ ಘಟಕ ಋಣ 6.1 ಆಗಿತ್ತು. ಕ್ಯಾಲ್ಕುಲೇಟರ್ ಪರದೆಯ ಮೇಲ್ತುದಿಯಲ್ಲಿ ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಸೂಚಿಸುವ ‘ಆರ್’ ಇತ್ತು. ಅದನ್ನು ಡಿಗ್ರಿಗೆ ಬದಲಿಸಿ, ಈ ಕ್ರಮದಲ್ಲಿ ಮಾಡಿದೆ: ಮೊದಲು ಎತ್ತರವನ್ನು 0.0003048ರಿಂದ ಗುಣಿಸಿ ಕಿ.ಮೀ.ಗೆ ತಂದೆ, ಬಳಿಕ ದೂರವನ್ನು ಸೈನ್‌ನಿಂದ ಗುಣಿಸಿ ಪೂರ್ವ ಘಟಕವನ್ನೂ ಕೊಸೈನ್‌ನಿಂದ ಗುಣಿಸಿ ಉತ್ತರ ಘಟಕವನ್ನೂ ಪಡೆದೆ. ಮೊದಲ ವಿಮಾನ 17.32, 10, 3.05, ಎರಡನೆಯದು 7.5, ಋಣ 12.99, 6.10. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಋಣ 9.82, ಋಣ 22.99, 3.05. ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 25.19 ಕಿ.ಮೀ.

ದಿಕ್ಕುಗಳ ನಡುವೆ ಸರಿಯಾಗಿ 90 ಡಿಗ್ರಿ ಇರುವುದರಿಂದ ನೆಲದ ಮೇಲಿನ ದೂರ (20 ಮತ್ತು 15ರ ವರ್ಗಗಳ ಮೊತ್ತದ ವರ್ಗಮೂಲ) 25 ಆಗಲೇಬೇಕು, ಅದೂ ತಾಳೆಯಾಯಿತು.