ಫ್ರಟರ್ನಿಟಿ ಸಮ್ಮೇಳನಕ್ಕೆ ನಾವು ಊರು ಹುಡುಕಿದ ಬಗೆ

ಅಮೆರಿಕಕ್ಕೆ ಓದಲು ಬಂದಾಗ ಸೇರಿದ ಫ್ರಟರ್ನಿಟಿ, ಅಂದರೆ ಕಾಲೇಜು ಹುಡುಗರ ಸಂಘ, ನನ್ನನ್ನು ಇನ್ನೂ ಬಿಟ್ಟಿಲ್ಲ. ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಎಲ್ಲ ಚಾಪ್ಟರ್‌ಗಳ (ಬೇರೆ ಬೇರೆ ಕಾಲೇಜುಗಳಲ್ಲಿರುವ ಶಾಖೆಗಳ) ಹುಡುಗರು ಒಂದೆಡೆ ಸೇರುತ್ತಾರೆ. ನಿಯಮಗಳಿಗೆ ಓಟು ಹಾಕುತ್ತಾರೆ, ಪದಾಧಿಕಾರಿಗಳನ್ನು ಆರಿಸುತ್ತಾರೆ. ಈ ಸಲ ಊರು ಆರಿಸುವ ಸಮಿತಿಯಲ್ಲಿ ಹಳೇ ವಿದ್ಯಾರ್ಥಿಗಳ ಪರವಾಗಿ ನಾನಿದ್ದೆ.

ಹಿರಿಯರು ಸಂಸ್ಥೆ ಹುಟ್ಟಿದ ಊರಿಗೇ ಹೋಗೋಣ ಅಂದರು. ಹಳೆಯ ಫ್ರಟರ್ನಿಟಿಗಳು ಹೆಚ್ಚಾಗಿ ಹುಟ್ಟಿದ್ದು ಸಣ್ಣ ಕಾಲೇಜು ಊರುಗಳಲ್ಲಿ. ಓಹಾಯೊದ ಆಕ್ಸ್‌ಫರ್ಡನ್ನೇ ನೋಡಿ. ಬೀಟಾ ಥೀಟಾ ಪೈ 1839ರಲ್ಲಿ, ಫೈ ಡೆಲ್ಟಾ ಥೀಟಾ 1848ರಲ್ಲಿ, ಸಿಗ್ಮಾ ಕೈ 1855ರಲ್ಲಿ ಶುರುವಾದದ್ದು ಅಲ್ಲೇ. ನಮ್ಮದೂ ಅಂಥದೇ ಊರು. ಅಭಿಮಾನವೇನೋ ಸರಿ, ಐನೂರು ಜನ ಮಲಗೋದೆಲ್ಲಿ?

ಹುಡುಗರಿಗೆ ನ್ಯೂ ಆರ್ಲಿಯನ್ಸ್ ಬೇಕಿತ್ತು. ಅಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಜೊತೆಗೆ ಬಾರುಗಳೇ ತುಂಬಿದ ಬೂರ್ಬನ್ ಸ್ಟ್ರೀಟ್. ಬಂದವರಲ್ಲಿ ಅರ್ಧ ಜನಕ್ಕೆ 21 ತುಂಬಿರುವುದಿಲ್ಲ, ಕಾನೂನು ಪ್ರಕಾರ ಕುಡಿಯುವಂತಿಲ್ಲ. ನಾನು ಸುಮ್ನೆ ಬೇಡ ಅಂದೆ. ಜುಲೈನಲ್ಲಿ ಫೀನಿಕ್ಸ್‌ನ ಹೋಟೆಲುಗಳು ಅಗ್ಗ. ಬಿಸಿಲು 40 ಡಿಗ್ರಿ ದಾಟುತ್ತದೆ, ಅದಕ್ಕೇ ಅಗ್ಗ. ಆದರೆ ಬಾಡಿಗೆಯಲ್ಲಿ ಉಳಿದದ್ದು ವಿಮಾನದ ಟಿಕೆಟ್ಟಿಗೆ ಹೋಗುತ್ತಿತ್ತು. ನಮ್ಮ ಚಾಪ್ಟರ್‌ಗಳು ಜಾಸ್ತಿ ಇರೋದು ಮಿಡ್‌ವೆಸ್ಟ್‌ನಲ್ಲಿ, ಅಂದರೆ ದೇಶದ ಉತ್ತರ-ಮಧ್ಯ ಭಾಗದಲ್ಲಿ. ನಾಲ್ವರು ಒಂದು ಕಾರಿನಲ್ಲಿ ಬರುವಂತಿದ್ದರೆ ಸಣ್ಣ ಚಾಪ್ಟರ್ ಕೂಡ ಬರುತ್ತದೆ. ಕೊನೆಗೆ ಉಳಿದದ್ದು ಆ ಭಾಗದ ಸೇಂಟ್ ಲೂಯಿಸ್ ಮತ್ತು ಇಂಡಿಯಾನಾಪೊಲಿಸ್.

ಎರಡೂ ಊರಿನ ಪ್ರವಾಸಿ ಬ್ಯೂರೋಗಳಿಗೆ ನಮ್ಮ ಬೇಡಿಕೆ ಪಟ್ಟಿ ಕಳಿಸಿದೆವು. ಅವರೇ ಹೋಟೆಲುಗಳಿಂದ ದರ ತರಿಸಿಕೊಟ್ಟರು, ನಮಗೆ ಖರ್ಚಿಲ್ಲ.

ಹೋಟೆಲು ನೋಡಲು ಹೋದಾಗ ಎಲ್ಲರೂ ಲಾಬಿ ನೋಡುತ್ತಿದ್ದರು, ನಾನು ಗೋಡೆ ಬಡಿಯುತ್ತಿದ್ದೆ. ನಮ್ಮ ದೀಕ್ಷಾ ವಿಧಿ ಗುಟ್ಟಿನದು, ಹೊರಗಿನವರು ನೋಡುವಂತಿಲ್ಲ, ಕೇಳುವಂತಿಲ್ಲ. ದೊಡ್ಡ ಬಾಲ್‌ರೂಮುಗಳನ್ನು ಸರಿಸುವ ಗೋಡೆಯಿಂದ ಭಾಗ ಮಾಡಿರುತ್ತಾರೆ. ಆಚೆ ಮದುವೆಯ ಡಿಜೆ ಇದ್ದರೆ ಈಚೆ ಪ್ರತಿಜ್ಞೆ ಯಾರಿಗೆ ಕೇಳೀತು? ಬಾಗಿಲಿಗೆ ಗಾಜಿರಬಾರದು. ಅಡುಗೆಮನೆಯ ಕಡೆಯ ಬಾಗಿಲಿಗೂ ನಮ್ಮವರೇ ಕಾವಲಿರಬೇಕು. ಆ ಹೊತ್ತಿನಲ್ಲಿ ಪಕ್ಕದ ಭಾಗವನ್ನು ಬೇರೆಯವರಿಗೆ ಕೊಡಬಾರದು ಅಂತ ಕರಾರಿನಲ್ಲೇ ಬರೆಸಿದೆ. ಮಾರಾಟದ ಮ್ಯಾನೇಜರ್ ಮೊದಲು ನಕ್ಕರು, ಆಮೇಲೆ ಬರೆದುಕೊಟ್ಟರು.

ದುಡ್ಡು ಹೋಗುವ ಜಾಗ ಅಟ್ರಿಷನ್ ಷರತ್ತು, ಅಂದರೆ ಹಿಡಿದಿಟ್ಟ ರೂಮುಗಳಲ್ಲಿ ಇಷ್ಟು ಪಾಲು ತುಂಬದಿದ್ದರೆ ದುಡ್ಡು ಕೊಡಬೇಕೆಂಬ ಕರಾರು. 200 ರೂಮು ಹಿಡಿದಿಟ್ಟು, ಶೇ. 80 ಅಂತ ಒಪ್ಪಿಕೊಂಡರೆ 160 ರೂಮಿನ ಹೊಣೆ ನಮ್ಮದು. 140 ತುಂಬಿದರೆ ಉಳಿದ 20ಕ್ಕೂ ನಾವೇ ಕೊಡಬೇಕು. ಹುಡುಗರೋ, ಇಬ್ಬರ ರೂಮಿನಲ್ಲಿ ಐದು ಜನ ಮಲಗುವವರು! ಹಾಗಾಗಿ ನೋಂದಣಿ ಲೆಕ್ಕ ನಂಬಲಿಲ್ಲ. ಹಿಂದಿನ ಸಮ್ಮೇಳನಗಳಲ್ಲಿ ನಿಜವಾಗಿ ತುಂಬಿದ ರೂಮುಗಳ ಲೆಕ್ಕ ಹಿಡಿದು ಕಡಿಮೆಯೇ ಕೇಳಿದೆವು. ಊಟದ್ದೂ ಹೀಗೇ. ಇಷ್ಟು ಡಾಲರಿನ ಊಟ ತಗೊಳ್ಳಲೇಬೇಕು ಅನ್ನುತ್ತಾರೆ, ಅದರ ಮೇಲೆ ಸೇವಾ ಶುಲ್ಕ, ತೆರಿಗೆ. ಕನ್ನಡ ಕೂಟದವರ ಹಾಗೆ ಹೊರಗಿನಿಂದ ಬಿಸಿಬೇಳೆ ಭಾತ್ ತರಿಸುತ್ತೇವೆ ಅಂದರೆ ಸುಲಭಕ್ಕೆ ಒಪ್ಪಲ್ಲ.

ಸೇಂಟ್ ಲೂಯಿಸ್‌ನಲ್ಲಿ ವಿಮಾನ ನಿಲ್ದಾಣದಿಂದ ಪೇಟೆಗೆ ರೈಲಿದೆ, ಅದು ನನಗೆ ತುಂಬಾ ಹಿಡಿಸಿತ್ತು. ಆದರೆ ಗೋಡೆಯ ಷರತ್ತಿಗೆ ಒಪ್ಪಿದ ಹೋಟೆಲು ಇಂಡಿಯಾನಾಪೊಲಿಸ್‌ನಲ್ಲಿತ್ತು. ಓಟು ಅಲ್ಲಿಗೇ ಬಿತ್ತು.