ಮಗುವಿನ ಕೈಗೆ ಇತಿಹಾಸದ ಪುಸ್ತಕ: ಆರಿಸುವುದು, ಪರೀಕ್ಷಿಸುವುದು, ಜೊತೆಗೆ ಕೂತು ಓದುವುದು

ಇತಿಹಾಸದ ಪುಸ್ತಕವೊಂದನ್ನು ಮಗುವಿಗೆ ಕೊಡಬಹುದೋ ಬೇಡವೋ ಎಂದು ತೀರ್ಮಾನಿಸಲು ಇಡೀ ಪುಸ್ತಕ ಓದಬೇಕಿಲ್ಲ. ಹತ್ತು ನಿಮಿಷ ಸಾಕು. ನಡುವಿನ ಯಾವುದಾದರೂ ಪುಟ ತೆಗೆದು, ಅಲ್ಲಿನ ಒಂದು ವಾಕ್ಯ ಹಿಡಿದು, ‘ಇದು ಗೊತ್ತಾದದ್ದು ಹೇಗೆ?’ ಎಂದು ಕೇಳಿ. ಉತ್ತರ ಅದೇ ಪುಟದಲ್ಲೋ, ಚಿತ್ರದ ಕೆಳಗಿನ ಸಾಲಿನಲ್ಲೋ, ಕೊನೆಯ ಟಿಪ್ಪಣಿಯಲ್ಲೋ ಸಿಕ್ಕಿದರೆ ಪುಸ್ತಕ ಗಟ್ಟಿಯಾದದ್ದು. ಹೀಗೆ ಮೂರು ಪುಟ ನೋಡಿಯೂ ಒಂದು ಉತ್ತರವೂ ಸಿಗದಿದ್ದರೆ ಅದು ಚಂದದ ಕಥೆಪುಸ್ತಕ ಇರಬಹುದು, ಇತಿಹಾಸ ಕಲಿಸಲು ಮಾತ್ರ ಒದಗುವುದಿಲ್ಲ.

ಇಟಲಿಯ ಹಳೆಯ ರೋಮನ್ ಊರು ಪೊಂಪೆಯನ್ನೇ ತೆಗೆದುಕೊಳ್ಳಿ. ‘ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಇಡೀ ಊರು ಬೂದಿಯಡಿ ಹೂತುಹೋಯಿತು’ ಎಂದಷ್ಟೇ ಬರೆದರೆ ಅದು ಬರೀ ಸುದ್ದಿ. ಆಗ ಹದಿನೇಳು ವರ್ಷದವನಾಗಿದ್ದ ರೋಮನ್ ಲೇಖಕ ಪ್ಲಿನಿ ಕೊಲ್ಲಿಯ ಆಚೆ ದಡದಿಂದ ಅದನ್ನು ಕಂಡಿದ್ದ. ಎಷ್ಟೋ ವರ್ಷಗಳ ಮೇಲೆ ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರದಲ್ಲಿ ಬರೆದ. ಸತ್ತವರ ದೇಹಗಳು ಕರಗಿ, ಗಟ್ಟಿಯಾದ ಬೂದಿಯೊಳಗೆ ಅವರ ಆಕಾರದ ಪೊಳ್ಳು ಉಳಿದಿತ್ತು. 1863ರಲ್ಲಿ ಪುರಾತತ್ವಜ್ಞ ಫಿಯೊರೆಲ್ಲಿ ಆ ಪೊಳ್ಳಿಗೆ ಪ್ಲಾಸ್ಟರ್ ಸುರಿಸಿ ಅಚ್ಚು ತೆಗೆಸಿದರು. ಇಷ್ಟನ್ನು ಹೇಳುವ ಪುಸ್ತಕ ಓದಿದ ಮಗು ಇಸವಿ ಮರೆತರೂ ಪ್ಲಾಸ್ಟರ್ ಸುರಿದದ್ದನ್ನು ಮರೆಯುವುದಿಲ್ಲ. ಹಿಂದಿನದು ನಮಗೆ ತಾನಾಗಿ ತಿಳಿದುಬಂದಿಲ್ಲ, ಯಾರೋ ಹುಡುಕಿ ತೆಗೆದದ್ದು ಎಂಬ ಅರಿವು ಬರುವುದೇ ಇಂಥ ಪುಟಗಳಿಂದ.

ಮೊದಲು ಹಿಂಬದಿಯ ಪುಟ ನೋಡಿ

ಪುಸ್ತಕ ಕೈಗೆ ಬಂದ ಕೂಡಲೇ ಮುಖಪುಟ ಬಿಟ್ಟು ಕೊನೆಯ ಪುಟಗಳಿಗೆ ಹೋಗಿ. ಲೇಖಕರ ಟಿಪ್ಪಣಿ, ಆಧಾರಗಳ ಪಟ್ಟಿ, ಪದಸೂಚಿ, ಚಿತ್ರಗಳು ಎಲ್ಲಿಂದ ಬಂದವು ಎಂಬ ವಿವರ, ಈ ನಾಲ್ಕನ್ನು ಹುಡುಕಿ. ಆರು ವರ್ಷದೊಳಗಿನವರ ಪುಸ್ತಕದಲ್ಲಿ ಪದಸೂಚಿ ಇಲ್ಲದಿದ್ದರೂ ನಡೆಯುತ್ತದೆ. ಲೇಖಕರ ಟಿಪ್ಪಣಿ ಮಾತ್ರ ಯಾವ ವಯಸ್ಸಿನ ಪುಸ್ತಕಕ್ಕೂ ಬೇಕು. ಯಾವುದು ನಡೆದದ್ದು, ಯಾವುದು ತಾವು ಕಲ್ಪಿಸಿದ್ದು ಎಂದು ಲೇಖಕರೇ ಬಿಡಿಸಿ ಹೇಳುವ ಜಾಗ ಅದೊಂದೇ.

ಆಮೇಲೆ ಮುದ್ರಣದ ವಿವರವಿರುವ ಪುಟ. ಅಲ್ಲಿ ಪುಸ್ತಕ ಮೊದಲು ಬಂದ ವರ್ಷ ನೋಡಿ, ಮರುಮುದ್ರಣದ ವರ್ಷವನ್ನಲ್ಲ. ಮರುಮುದ್ರಣ ಎಂದರೆ ಹಳೆಯ ಪಠ್ಯವೇ ಮತ್ತೆ ಅಚ್ಚಾಗಿದೆ ಎಂದರ್ಥ. ‘ಪರಿಷ್ಕೃತ’ ಎಂದಿದ್ದರೆ ಮಾತ್ರ ಒಳಗೆ ಏನೋ ತಿದ್ದಿರುತ್ತಾರೆ. ಇದು ಏಕೆ ಮುಖ್ಯ ಎಂದರೆ, ಪುರಾತತ್ವದ ವಿಷಯಗಳು ಬದಲಾಗುತ್ತಲೇ ಇರುತ್ತವೆ. ಆಲ್ಪ್ಸ್‌ನ ಮಂಜುಗಡ್ಡೆಯಲ್ಲಿ ಸುಮಾರು 5,300 ವರ್ಷ ಹಳೆಯ ‘ಓಟ್ಸಿ’ ಎಂಬ ಮನುಷ್ಯನ ದೇಹ ಸಿಕ್ಕಿದ್ದು 1991ರಲ್ಲಿ. ಅವನ ಭುಜದೊಳಗೆ ಬಾಣದ ಮೊನೆ ಇದೆ ಎಂದು ಗೊತ್ತಾದದ್ದು 2001ರಲ್ಲಿ. ಅದಕ್ಕೂ ಮುಂಚೆ ಬರೆದ ಪುಸ್ತಕ ಅವನು ಚಳಿಗೆ ಸತ್ತ ಎಂದು ಹೇಳಿದ್ದರೆ ಅದು ಲೇಖಕರ ತಪ್ಪಲ್ಲ, ಆದರೆ ಇವತ್ತಿನ ಮಗುವಿಗೆ ಅದು ಸಾಲದು. ಪೊಂಪೆಯ ನಾಶಕ್ಕೆ ಆಗಸ್ಟ್ 24 ಎಂದು ಹಳೆಯ ಪುಸ್ತಕಗಳು ಖಚಿತವಾಗಿ ಬರೆಯುತ್ತವೆ. 2018ರಲ್ಲಿ ಅಲ್ಲಿನ ಗೋಡೆಯೊಂದರ ಮೇಲೆ ಇದ್ದಿಲಲ್ಲಿ ಗೀಚಿದ, ಅಕ್ಟೋಬರ್ ತಿಂಗಳ ದಿನಾಂಕವಿರುವ ಬರಹ ಸಿಕ್ಕಿದ ಮೇಲೆ ಆ ಖಚಿತತೆ ಉಳಿದಿಲ್ಲ.

ಚಿತ್ರಗಳ ಪರೀಕ್ಷೆ

ಮಕ್ಕಳು ಮೊದಲು ಓದುವುದು ಚಿತ್ರವನ್ನು. ತಪ್ಪು ಸೇರಿಕೊಳ್ಳುವುದೂ ಅಲ್ಲೇ ಹೆಚ್ಚು, ಯಾಕೆಂದರೆ ಪಠ್ಯವನ್ನು ತಜ್ಞರಿಗೆ ತೋರಿಸುವ ಪ್ರಕಾಶಕರು ಚಿತ್ರವನ್ನೂ ತೋರಿಸುತ್ತಾರೆ ಎಂಬ ಭರವಸೆ ಇಲ್ಲ. ಹುಡುಕಬೇಕಾದ ಕೆಲವು ಗುರುತುಗಳು ಇಲ್ಲಿವೆ.

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ ಅಮೆರಿಕ ಖಂಡಗಳ ಬೆಳೆಗಳು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ನಂತರವೇ ಉಳಿದ ಲೋಕಕ್ಕೆ ಬಂದವು. ಅಶೋಕನ ಅಡುಗೆಮನೆಯಲ್ಲೋ ರೋಮ್‌ನ ಸಂತೆಯಲ್ಲೋ ಕೆಂಪು ಮೆಣಸಿನಕಾಯಿಯ ರಾಶಿ ಕಂಡರೆ ಚಿತ್ರಕಾರರು ವಿಚಾರಿಸಿಲ್ಲ ಎಂದೇ ಲೆಕ್ಕ. ಹಾಗೆಯೇ ಅಮೆರಿಕ ಖಂಡಗಳಲ್ಲಿ ಕುದುರೆಗಳು ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಗಿದ್ದವು, ಮತ್ತೆ ತಂದವರು ಸ್ಪೇನಿನವರು. ಅವರು ಬರುವ ಮುಂಚಿನ ಇಂಕಾ ಅಥವಾ ಆಜ್ಟೆಕ್ ಯೋಧ ಕುದುರೆ ಏರಿರಲು ಸಾಧ್ಯವಿಲ್ಲ. ಉತ್ತರ ಯುರೋಪಿನ ಕಡಲಯೋಧರಾದ ವೈಕಿಂಗರ ಶಿರಸ್ತ್ರಾಣಕ್ಕೆ ಕೊಂಬು ಬಂದದ್ದು ಹತ್ತೊಂಬತ್ತನೇ ಶತಮಾನದ ಚಿತ್ರಗಳಿಂದ ಮತ್ತು ಜರ್ಮನ್ ಸಂಗೀತಗಾರ ವಾಗ್ನರ್‌ನ 1876ರ ಸಂಗೀತನಾಟಕದ ವೇಷಭೂಷಣದಿಂದ. ಅವರ ಕಾಲದ್ದೆಂದು ಸಿಕ್ಕ ಯಾವ ಶಿರಸ್ತ್ರಾಣಕ್ಕೂ ಕೊಂಬಿಲ್ಲ. ಗ್ರೀಕರ ಅಮೃತಶಿಲೆಯ ಪ್ರತಿಮೆಗಳಿಗೆ ಆಗ ಗಾಢ ಬಣ್ಣ ಬಳಿದಿರುತ್ತಿದ್ದರು, ಕಾಲಾಂತರದಲ್ಲಿ ಬಣ್ಣ ಅಳಿಸಿ ಬಿಳಿ ಉಳಿದಿದೆ. ಪಿರಮಿಡ್ ಕಟ್ಟುವವರ ಬೆನ್ನಿಗೆ ಚಾಟಿ ಬೀಸುವ ಚಿತ್ರವಿದ್ದರೆ, ಅವರು ಗುಲಾಮರಲ್ಲ ಎಂದು ತೋರಿಸುವ, ಈಜಿಪ್ಟಿನ ಗಿಜಾದಲ್ಲಿ ಅಗೆದಾಗ ಸಿಕ್ಕ ಕೆಲಸಗಾರರ ವಸತಿ, ಬೇಕರಿ ಮತ್ತು ಸಮಾಧಿಗಳ ಸುದ್ದಿ ಆ ಪುಸ್ತಕಕ್ಕೆ ತಲುಪಿಲ್ಲ.

ಇಂಥ ಒಂದು ತಪ್ಪಿಗೆ ಪುಸ್ತಕ ಬಿಸಾಡಬೇಕಿಲ್ಲ. ಮೂರು ಸಿಕ್ಕರೆ ಪಠ್ಯವನ್ನೂ ಅನುಮಾನದಿಂದಲೇ ನೋಡಿ.

ನಕ್ಷೆ ಇದ್ದರೆ ಗಡಿಗಳನ್ನು ಗಮನಿಸಿ. ಹಳೆಯ ಸಾಮ್ರಾಜ್ಯವನ್ನು ಇವತ್ತಿನ ದೇಶಗಳ ಗೆರೆಯ ಮೇಲೆ ಬಣ್ಣ ಹಾಕಿ ತೋರಿಸಿ, ಆ ಗೆರೆ ಇವತ್ತಿನದು ಎಂದು ಬರೆಯದಿದ್ದರೆ, ದೇಶಗಳು ಆಗಲೂ ಹೀಗೆಯೇ ಇದ್ದವು ಎಂದು ಮಗು ನಂಬಿಬಿಡುತ್ತದೆ.

ಭಾಷೆಯಲ್ಲಿ ಏನು ನೋಡಬೇಕು

ಒಂದು ಪುಟದ ವಿಶೇಷಣಗಳಿಗೆಲ್ಲ ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆಯಿರಿ: ವೀರ, ಕರುಣಾಮಯಿ, ಕ್ರೂರ, ಮಹಾನ್. ಆ ಗುಣ ತೋರುವ ಕೆಲಸ ಪಕ್ಕದಲ್ಲೇ ಇದೆಯೇ? ‘ಕರುಣಾಮಯಿ ರಾಜ’ ಎಂಬುದು ತೀರ್ಪು. ‘ಕಳಿಂಗದಲ್ಲಿ ಸತ್ತವರ, ಸೆರೆಯಾದವರ ಲೆಕ್ಕ ಹೇಳಿ ದುಃಖವಾಯಿತೆಂದು ಕಲ್ಲಿನ ಮೇಲೆ ಬರೆಸಿದ’ ಎಂದಾಗ ತೀರ್ಪನ್ನು ಮಗುವಿಗೇ ಬಿಟ್ಟಂತಾಗುತ್ತದೆ. ಒಂದೇ ಪುಟದಲ್ಲಿ ನಾಲ್ಕೈದು ವಿಶೇಷಣ ಇದ್ದು ಪುರಾವೆ ಒಂದೂ ಇಲ್ಲದ ಪುಸ್ತಕವನ್ನು ಪಕ್ಕಕ್ಕಿಡಿ.

ಇನ್ನೊಂದು, ‘ಬಹುಶಃ’, ‘ಇರಬಹುದು’, ‘ಇನ್ನೂ ಗೊತ್ತಾಗಿಲ್ಲ’ ಎಂಬ ಮಾತುಗಳು. ಇವು ಬಂದರೆ ಲೇಖಕರಿಗೆ ವಿಷಯ ಗೊತ್ತಿಲ್ಲ ಎಂದುಕೊಳ್ಳಬೇಡಿ, ಗೊತ್ತಿರುವುದರಿಂದಲೇ ಹಾಗೆ ಬರೆದಿರುತ್ತಾರೆ. ಸಿಂಧೂ ಬಯಲಿನ ಲಿಪಿಯನ್ನು ಒಪ್ಪುವ ರೀತಿಯಲ್ಲಿ ಯಾರೂ ಇನ್ನೂ ಓದಿಲ್ಲ. ಹಾಗಿರುವಾಗ ಮೊಹೆಂಜೊದಾರೊದ ರಾಜನ ಹೆಸರು ಹೇಳುವ ಪುಸ್ತಕಕ್ಕೆ ಅದು ಎಲ್ಲಿಂದ ಸಿಕ್ಕಿತು?

ಉದ್ಧರಣ ಚಿಹ್ನೆಯೊಳಗಿನ ಮಾತುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಜೀವನಚರಿತ್ರೆಯ ಚಿತ್ರಪುಸ್ತಕಗಳಲ್ಲಿ ಸಂಭಾಷಣೆಯನ್ನು ಲೇಖಕರೇ ಹೊಸೆಯುವುದು ಸಾಮಾನ್ಯ. ಹೊಸೆದದ್ದು ಸಂಗತಿಯನ್ನೇ ಬದಲಿಸಿದರೆ ತೊಂದರೆ. ಹಿರೋಶಿಮಾದ ಸದಾಕೊ ಸಸಾಕಿ 1945ರ ಬಾಂಬ್ ಬಿದ್ದಾಗ ಎರಡು ವರ್ಷದ ಮಗು, 1955ರಲ್ಲಿ ಲ್ಯುಕೀಮಿಯಾದಿಂದ (ರಕ್ತದ ಕ್ಯಾನ್ಸರ್) ತೀರಿಕೊಂಡಳು. ಆಕೆ 644 ಕಾಗದದ ಕೊಕ್ಕರೆ ಮಡಿಸುವಷ್ಟರಲ್ಲಿ ಸತ್ತಳು, ಸಾವಿರಕ್ಕೆ ಬೇಕಾದ ಉಳಿದವನ್ನು ಗೆಳೆಯರು ಮಡಿಸಿದರು ಎಂಬ ಕಥೆ ಲೋಕವೆಲ್ಲ ಹರಡಿರುವುದು ಮಕ್ಕಳ ಕಾದಂಬರಿಯೊಂದರಿಂದ. ಆಕೆ ಸಾವಿರ ದಾಟಿಸಿ ಇನ್ನೂ ಮಡಿಸುತ್ತಲೇ ಇದ್ದಳು ಎನ್ನುತ್ತಾರೆ ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದವರು. ನಿಜ ಸಂಗತಿಯೇ ನಮ್ಮನ್ನು ಹೆಚ್ಚು ಕಲಕುತ್ತದೆ. ಸಾವಿರ ಮುಗಿಸಿದರೆ ಬೇಡಿದ್ದು ಸಿಗುತ್ತದೆ ಎಂಬ ನಂಬಿಕೆ ಇತ್ತು, ಮುಗಿಸಿದಳು, ಸಿಗಲಿಲ್ಲ, ಆದರೂ ನಿಲ್ಲಿಸಲಿಲ್ಲ.

ವಯಸ್ಸಿಗೆ ತಕ್ಕ ಅಳತೆ

ನಾಲ್ಕರಿಂದ ಆರು ವರ್ಷದವರಿಗೆ ಇಸವಿ ಬೇಡ. ‘ಈಗ’, ‘ಅಜ್ಜಿ ಚಿಕ್ಕವಳಿದ್ದಾಗ’, ‘ಅದಕ್ಕೂ ತುಂಬ ಹಿಂದೆ’ ಎಂಬ ಮೂರು ಕಾಲ ಸಾಕು. ದೀಪ, ಬಟ್ಟೆ, ಬಂಡಿಯಂಥ ಒಂದೇ ವಸ್ತು ಹೇಗೆ ಬದಲಾಯಿತು ಎಂದು ತೋರಿಸುವ ಪುಸ್ತಕ ಒಳ್ಳೆಯದು. ಆರರಿಂದ ಎಂಟರವರಿಗೆ ಒಬ್ಬರ ಬದುಕು ಅಥವಾ ಒಂದು ಘಟನೆ. 32 ಪುಟಗಳಲ್ಲಿ ಐದಕ್ಕಿಂತ ಹೆಚ್ಚು ಹೊಸ ಹೆಸರು ಬಂದರೆ ಗೊಂದಲವಾಗುತ್ತದೆ. ಒಂಬತ್ತರಿಂದ ಹನ್ನೊಂದರವರಿಗೆ ಕಾಲರೇಖೆ, ನಕ್ಷೆ, ಕಾರಣಗಳು. ಹನ್ನೆರಡು ದಾಟಿದವರಿಗೆ ಒಂದೇ ಘಟನೆಯ ಬಗ್ಗೆ ಒಂದಕ್ಕೊಂದು ಒಪ್ಪದ ಎರಡು ಪುಸ್ತಕ ಕೊಡಿ.

ಒಂದು ಪುಟದಲ್ಲಿ ಐದು ಗೊತ್ತಿಲ್ಲದ ಪದ ಬಂದರೆ ಪುಸ್ತಕ ಕಷ್ಟ ಎಂಬ ಐದು ಬೆರಳಿನ ಲೆಕ್ಕ ಇಲ್ಲಿಗೂ ಸಲ್ಲುತ್ತದೆ, ಆದರೆ ವ್ಯಕ್ತಿಗಳ ಮತ್ತು ಊರಿನ ಹೆಸರುಗಳನ್ನು ಎಣಿಸಬೇಡಿ. ಅವನ್ನೂ ಸೇರಿಸಿದರೆ ಯಾವ ಇತಿಹಾಸದ ಪುಸ್ತಕವೂ ಪಾಸಾಗುವುದಿಲ್ಲ.

ಕಾಲಪಟ್ಟಿ ಮಾಡುವ ಕ್ರಮ

ಕಾಲರೇಖೆ ಅಚ್ಚಾಗಿರುವ ಪುಟಕ್ಕೆ ಸ್ಕೇಲ್ ಇಟ್ಟು ನೋಡಿ. ಕ್ರಿ.ಪೂ. 3000, ಕ್ರಿ.ಪೂ. 500, 1492, 1914 ಇವೆಲ್ಲ ಸಮಾನ ಅಂತರದಲ್ಲಿ ನಿಂತಿರುವುದು ಬಹಳ ಕಡೆ ಕಾಣುತ್ತದೆ. ನಡುವೆ ಮುರಿದ ಗೆರೆ ಹಾಕಿ ಸೂಚಿಸಿದ್ದರೆ ಸರಿ. ಇಲ್ಲವಾದರೆ ಎರಡೂವರೆ ಸಾವಿರ ವರ್ಷವೂ ನಾನ್ನೂರು ವರ್ಷವೂ ಒಂದೇ ಎಂದು ಕಣ್ಣು ಕಲಿಯುತ್ತದೆ. ಇದಕ್ಕೆ ಮದ್ದು, ಮನೆಯಲ್ಲೇ ಒಂದು ಪಟ್ಟಿ ಮಾಡಿಕೊಳ್ಳುವುದು.

ಐದಾರು ಸೆಂ.ಮೀ. ಅಗಲ, ಐದೂವರೆ ಮೀಟರ್ ಉದ್ದದ ಕಾಗದದ ಪಟ್ಟಿ ಬೇಕು. ಹಾಳೆಗಳನ್ನು ಕತ್ತರಿಸಿ ಅಂಟಿಸಿದರೂ ಆದೀತು. ಹತ್ತು ವರ್ಷಕ್ಕೆ ಒಂದು ಸೆಂ.ಮೀ. ಅಂದರೆ ಶತಮಾನಕ್ಕೆ ಹತ್ತು ಸೆಂ.ಮೀ., ಸಾವಿರ ವರ್ಷಕ್ಕೆ ಒಂದು ಮೀಟರ್. ಬಲತುದಿಯಲ್ಲಿ ಈ ವರ್ಷ ಬರೆದು ಎಡಕ್ಕೆ ಅಳೆಯುತ್ತ ಹೋಗಿ. ಕ್ರಿ.ಪೂ. 1 ಮತ್ತು ಕ್ರಿ.ಶ. 1ರ ನಡುವೆ ಕೆಂಪು ಗೆರೆ ಎಳೆಯಿರಿ. ಅಲ್ಲಿ ಸೊನ್ನೆ ಬರೆಯಬೇಡಿ, ಸೊನ್ನೆ ಎಂಬ ವರ್ಷ ಆ ಗಣನೆಯಲ್ಲಿಲ್ಲ. ಗೆರೆಯ ಎರಡು ಬದಿಗೆ ಬೇರೆ ಬೇರೆ ಬಣ್ಣವಿರಲಿ. ಕೆಲವು ಪುಸ್ತಕಗಳಲ್ಲಿ ಸಾ.ಶ.ಪೂ. (ಸಾಮಾನ್ಯ ಶಕ ಪೂರ್ವ), ಸಾ.ಶ. (ಸಾಮಾನ್ಯ ಶಕ) ಎಂದಿರುತ್ತದೆ, ಸಂಖ್ಯೆ ಅದೇ, ಪಟ್ಟಿ ಬದಲಿಸಬೇಕಿಲ್ಲ.

ಮೊದಲು ಮಗುವಿನ ಆಯುಷ್ಯ ಗುರುತಿಸಿ: ಎಂಟು ವರ್ಷಕ್ಕೆ ಎಂಟು ಮಿ.ಮೀ. ಎಪ್ಪತ್ತರ ಅಜ್ಜಿಗೆ ಏಳು ಸೆಂ.ಮೀ. ಆಮೇಲೆ ಗಿಜಾದ ದೊಡ್ಡ ಪಿರಮಿಡ್ (ಸುಮಾರು ಕ್ರಿ.ಪೂ. 2560), ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಸಾವು (ಕ್ರಿ.ಪೂ. 30), ಮನುಷ್ಯ ಚಂದ್ರನ ಮೇಲಿಳಿದದ್ದು (1969). ಮಗುವಿನ ಕೈಗೇ ಟೇಪು ಕೊಡಿ. ಪಿರಮಿಡ್ಡಿನಿಂದ ಕ್ಲಿಯೋಪಾತ್ರಳಿಗೆ ಎರಡೂವರೆ ಮೀಟರ್, ಆಕೆಯಿಂದ ಚಂದ್ರನ ಮೇಲಿಳಿದದ್ದಕ್ಕೆ ಎರಡೇ ಮೀಟರ್ ಎಂದು ಅದು ತಾನೇ ಕಂಡುಕೊಳ್ಳುತ್ತದೆ. ಡೈನೋಸಾರ್ ಎಲ್ಲಿ ಎಂದು ಕೇಳಿದರೆ ಇದೇ ಲೆಕ್ಕದಲ್ಲಿ ಪಟ್ಟಿ 66 ಕಿಲೋಮೀಟರ್ ಉದ್ದ ಬೇಕಾಗುತ್ತದೆ ಎನ್ನಿ, ಅವು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಗುಹೆಯ ಮನುಷ್ಯರೂ ಡೈನೋಸಾರುಗಳೂ ಒಟ್ಟಿಗೆ ಇದ್ದರೆಂಬ ಗೊಂದಲ ಅಲ್ಲಿಗೆ ಬಗೆಹರಿಯುತ್ತದೆ.

ಈ ಪಟ್ಟಿಯಲ್ಲಿ ಕೈಕೊಡುವ ಜಾಗ ಕೊನೆಯ ಹತ್ತಿಪ್ಪತ್ತು ಸೆಂ.ಮೀ. ಅಲ್ಲಿ ಬರೆಯುವುದು ಬೆಟ್ಟದಷ್ಟು, ಜಾಗ ಅಂಗೈಯಷ್ಟು. ಆ ಭಾಗವನ್ನು ಮಾತ್ರ ಹಿಗ್ಗಿಸಿ ಅದೇ ಪಟ್ಟಿಗೆ ಅಂಟಿಸಬೇಡಿ, ಅಳತೆಯ ಉದ್ದೇಶವೇ ಕೆಡುತ್ತದೆ. ಕಳೆದ 200 ವರ್ಷಕ್ಕೆ ವರ್ಷಕ್ಕೊಂದು ಸೆಂ.ಮೀ.ನಂತೆ ಎರಡು ಮೀಟರಿನ ಬೇರೆ ಪಟ್ಟಿ ಮಾಡಿ, ಬೇರೆ ಗೋಡೆಗೆ ಹಾಕಿ. ಶತಮಾನದ ಲೆಕ್ಕದಲ್ಲೂ ಮಕ್ಕಳು ಎಡವುತ್ತಾರೆ: ಹದಿನೆಂಟನೇ ಶತಮಾನ ಎಂದರೆ 1701ರಿಂದ 1800. ಪಟ್ಟಿಯ ಹತ್ತು ಸೆಂ.ಮೀ. ತುಂಡುಗಳನ್ನು ಕೆಂಪು ಗೆರೆಯಿಂದ ಎಣಿಸಿಸಿದರೆ ಹದಿನೆಂಟನೆಯ ತುಂಡು ಎಲ್ಲಿ ಮುಗಿಯುತ್ತದೆಂದು ಕಣ್ಣಿಗೇ ಕಾಣುತ್ತದೆ.

ಓದುವ ಹೊತ್ತು

ಒಂದು ಸಲಕ್ಕೆ ಇಪ್ಪತ್ತು ನಿಮಿಷ, ನಾಲ್ಕರಿಂದ ಆರು ಪುಟ. ಮೊದಲು ಪಠ್ಯವನ್ನು ಕೈಯಿಂದ ಮುಚ್ಚಿ ಎರಡು ನಿಮಿಷ ಚಿತ್ರ ನೋಡಿಸಿ: ಇದರಲ್ಲಿ ಯಾವುದು ನೆಲದಡಿ ಸಿಕ್ಕಿರಬಹುದು, ಯಾವುದನ್ನು ಚಿತ್ರಕಾರರು ಊಹಿಸಿ ತುಂಬಿರಬಹುದು? ಮಡಕೆ, ಗೋಡೆ, ಮೂಳೆ ಉಳಿಯುತ್ತವೆ. ನಗು, ಕೂದಲ ಶೈಲಿ, ಮಾತು ಉಳಿಯುವುದು ಅಪರೂಪ. ಆಮೇಲೆ ಓದಿ. ಓದುತ್ತ ಅಂಚಿನಲ್ಲಿ ಪೆನ್ಸಿಲ್‌ನಿಂದ ಮೂರು ಗುರುತು ಹಾಕಿಸಿ: ಪುರಾವೆ ಇರುವುದಕ್ಕೆ ಸರಿ ಚಿಹ್ನೆ, ಊಹೆಗೆ ಪ್ರಶ್ನೆ ಚಿಹ್ನೆ, ಲೇಖಕರ ಕಲ್ಪನೆಗೆ ಸೊನ್ನೆ. ಕಾಲ್ಪನಿಕ ದಿನಚರಿಯ ರೂಪದ ಪುಸ್ತಕಗಳಿಗೆ ಇದು ಬೇಕೇ ಬೇಕು. ‘ನಾನು ಫೇರೋನ ಮಗಳು’ ಎಂದು ಶುರುವಾಗುವುದನ್ನು ಎಂಟರ ಮಗು ನಿಜವಾದ ದಿನಚರಿ ಎಂದೇ ಓದುತ್ತದೆ. ಎರವಲು ಪುಸ್ತಕವಾದರೆ ಗುರುತನ್ನು ಚೀಟಿಯ ಮೇಲೆ ಹಾಕಿಸಿ.

ಮುಗಿದ ಮೇಲೆ ಇಸವಿ ಕೇಳಿ ಪರೀಕ್ಷೆ ಮಾಡಬೇಡಿ. ‘ಈ ಪುಟದಲ್ಲಿ ಯಾರ ಮಾತು ಇಲ್ಲ?’ ಎಂದು ಕೇಳಿ. ಕೋಟೆಯ ಪುಟದಲ್ಲಿ ಕಲ್ಲು ಹೊತ್ತವರು, ಯುದ್ಧದ ಪುಟದಲ್ಲಿ ಸೋತ ಊರಿನ ಹೆಂಗಸರು. ಆಗಿನವರು ದಡ್ಡರಾಗಿದ್ದರು ಎಂದು ಮಗು ನಕ್ಕರೆ ತಡೆದು, ಅವರ ಬಳಿ ಏನಿತ್ತು, ಏನಿರಲಿಲ್ಲ ಎಂದು ತೋರಿಸಿ. ಭೂಮಿ ಚಪ್ಪಟೆ ಎಂದು ನಂಬಿದ್ದವರ ನಡುವೆ ಕೊಲಂಬಸ್ ಹಡಗು ಹೊರಡಿಸಿದ ಎಂಬ ಪುಟ ಇದಕ್ಕೆ ತಕ್ಕ ಪಾಠ. ಕ್ರಿ.ಪೂ. ಮೂರನೇ ಶತಮಾನದಲ್ಲೇ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ಕೊಲಂಬಸ್‌ನ ಕಾಲದ ಪಂಡಿತರಿಗೆ ಭೂಮಿ ದುಂಡಗಿರುವುದು ಗೊತ್ತಿತ್ತು. ಅವರ ತಕರಾರು ದೂರದ ಬಗ್ಗೆ, ಮತ್ತು ಅದರಲ್ಲಿ ಅವರೇ ಸರಿ.

ಗುಲಾಮಗಿರಿ, ನರಮೇಧಗಳ ಪುಸ್ತಕವನ್ನು ನೀವು ಮೊದಲು ಪೂರ್ತಿ ಓದಿ, ಎಲ್ಲಿ ನಿಲ್ಲಿಸುವುದೆಂದು ಗೊತ್ತು ಮಾಡಿಕೊಳ್ಳಿ. ಮಲಗುವ ಮುಂಚೆ ಬೇಡ. ಸದ್ದಿಲ್ಲದೆ ಪುಟ ಹಾರಿಸಬೇಡಿ. ಮಗು ಆಮೇಲೆ ಒಂಟಿಯಾಗಿ ಆ ಪುಟವನ್ನೇ ತೆರೆಯುತ್ತದೆ. ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಿದರು ಎಂಬ ಅಂಕಿ ಹತ್ತರ ಮಗುವಿಗೆ ಏನೂ ಹೇಳುವುದಿಲ್ಲ. ಆ ಹಡಗಿನ ಅನುಭವವನ್ನು 1789ರಲ್ಲಿ ತನ್ನ ಹೆಸರಿನಲ್ಲೇ ಪ್ರಕಟಿಸಿದ ಒಲಾಡಾ ಎಕ್ವಿಯಾನೊನಂಥ ಒಬ್ಬನ ಬದುಕಿನಿಂದ ಶುರುಮಾಡಿ, ಅಂಕಿಗೆ ಆಮೇಲೆ ಬನ್ನಿ. ಎದುರಿಸಿ ನಿಂತವರನ್ನೂ ತೋರಿಸುವ ಪುಸ್ತಕ ಆರಿಸಿ. ‘ಯಾರೂ ಯಾಕೆ ತಡೆಯಲಿಲ್ಲ?’ ಎಂದು ಮಗು ಕೇಳಿಯೇ ಕೇಳುತ್ತದೆ.

ತಪ್ಪು ಸಿಕ್ಕ ಒಳ್ಳೆಯ ಪುಸ್ತಕವನ್ನು ಎತ್ತಿಡಬೇಡಿ. ಹಿಂಬದಿಯ ಒಳಗೆ ಒಂದು ಚೀಟಿ ಅಂಟಿಸಿ, ಪುಟದ ಸಂಖ್ಯೆ, ಪುಸ್ತಕ ಹೇಳಿದ್ದು, ಈಗ ಗೊತ್ತಿರುವುದು, ಅದು ಗೊತ್ತಾದ ಬಗೆ ಎಂದು ನಾಲ್ಕು ಕಾಲಂ ಎಳೆಯಿರಿ. ಒಂಬತ್ತು ದಾಟಿದ ಮಗುವಾದರೆ ತುಂಬುವ ಕೆಲಸ ಅದಕ್ಕೇ ವಹಿಸಿ, ನಾಲ್ಕನೆಯ ಕಾಲಂ ಖಾಲಿ ಬಿಟ್ಟರೆ ಮಾತ್ರ ಒಪ್ಪಬೇಡಿ.