ಹೊರಗೆ ಗಟ್ಟಿ, ಒಳಗೆ ಮೆತ್ತಗೆ: ಒಂದೇ ಎರಕದ ಬಳೆ

ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಎರಕ ಅಂದರೆ ಬೀಡು, ಜೊತೆಗೆ ಅಷ್ಟಿಷ್ಟು ಅಲ್ಯೂಮಿನಿಯಂ. ಹಳೆಯ ಗಿರಾಕಿಯೊಬ್ಬರು ಸವೆದ ಅಲ್ಯೂಮಿನಿಯಂ ರೋಲರ್ ಬಳೆಯೊಂದನ್ನು ಮೇಜಿನ ಮೇಲಿಟ್ಟರು. ಹಗುರವಾಗಿರಬೇಕು, ಹೊರಮೈ ಸವೆಯಬಾರದು. ಅದರ ಮೇಲೆ ಉಕ್ಕಿನ ಸ್ಲೀವ್, ಅಂದರೆ ತೆಳು ಕವಚ, ತೊಡಿಸಿ ನೋಡಿದ್ದರಂತೆ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಕಾದು ಆರಿ ಸ್ಲೀವ್ ಸಡಿಲಾಗಿತ್ತು.

ಜೋಡಣೆಯೇ ಬೇಡ, ಒಂದೇ ಎರಕದಲ್ಲಿ ಗುಣ ಹೊರಗಿನಿಂದ ಒಳಗೆ ಮೆಲ್ಲಗೆ ಬದಲಾಗಲಿ ಅಂದುಕೊಂಡೆವು. ಜಪಾನಿನವರು 1980ರ ದಶಕದಲ್ಲಿ ಬಾಹ್ಯಾಕಾಶ ವಿಮಾನದ ಶಾಖ ತಡೆಯಲು ಹುಡುಕಿದ ಉಪಾಯವದು, ನಮ್ಮಲ್ಲಿಗೆ ರೋಲರ್ ನೆಪದಲ್ಲಿ ಬಂತು. ಕರಗಿದ ಅಲ್ಯೂಮಿನಿಯಂಗೆ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಪುಡಿ ಬೆರೆಸುವುದು ನಮ್ಮ ಯೋಚನೆ. ಪುಡಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 3.2 ಗ್ರಾಂ, ಕರಗಿದ ಅಲ್ಯೂಮಿನಿಯಂನದು ಸುಮಾರು 2.4. ಡೈ, ಅಂದರೆ ಎರಕದ ಅಚ್ಚು, ತಿರುಗಿಸಿದರೆ ಭಾರದ ಪುಡಿ ಹೊರಕ್ಕೆ ಓಡಬೇಕು.

ಮೊದಲು ಪುಡಿ ಬೆರೆಯಲೇ ಇಲ್ಲ. ನೀರಿಗೆ ಚೆಲ್ಲಿದ ಜೋಳದ ಹಿಟ್ಟಿನಂತೆ ಮೇಲೆಯೇ ಗಂಟುಗಟ್ಟಿ ತೇಲಿತು. ಪುಡಿಯನ್ನು 600 ಡಿಗ್ರಿಗೆ ಕಾಯಿಸಿ ತೇವ ಕಳೆದು, ಕರಗಿದ ಲೋಹಕ್ಕೆ ಪ್ರತಿಶತ 1ರಷ್ಟು ಮೆಗ್ನೀಸಿಯಂ ಹಾಕಿ ಕಡೆದ ಮೇಲೆ ಹಿಡಿಯಿತು. ಲೋಹ 750 ಡಿಗ್ರಿ ದಾಟದಂತೆ ಕಾದೆವು. ಅತಿ ಕಾಯಿಸಿದರೆ ಅಲ್ಯೂಮಿನಿಯಂ ಕಾರ್ಬೈಡ್ ಹುಟ್ಟುತ್ತದೆ, ಅದು ತೇವ ತಾಗಿದರೆ ಪುಡಿಪುಡಿ. ಪ್ರತಿಶತ 7ರಷ್ಟು ಸಿಲಿಕಾನ್ ಇರುವ ಎಲ್‌ಎಂ 25 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಆರಿಸಿದ್ದೂ ಇದೇ ಭಯಕ್ಕೆ.

ಆಮೇಲೆ ತಿರುಗಿಸಿದೆವು. ಬಳೆ ಕೊಯ್ದು ನೋಡಿದರೆ ಎಲ್ಲೆಡೆ ಒಂದೇ ಬೂದು ಬಣ್ಣ! ವೇಗ ನಿಮಿಷಕ್ಕೆ 800ರಿಂದ 1200 ಸುತ್ತಿಗೆ ಏರಿಸಿದೆ. 100 ಮಿಮೀ ವ್ಯಾಸದ ಬಳೆಗೆ ಅದು ಗುರುತ್ವದ 80 ಪಟ್ಟು ಸೆಳೆತ. ಫಲ ಮಾತ್ರ ಅಷ್ಟಕ್ಕಷ್ಟೇ. ಭಟ್ಟಿ ನೋಡುವ ಕಾಕಾ ಡೈ ಹತ್ತಿರ ಅಂಗೈ ಹಿಡಿದು ಅಂದರು: "ಸಾಹೇಬ್ರ, ಡೈ ತಣ್ಣಗ ಐತ್ರಿ. ಪುಡಿ ಓಡಾಕ ಹೊತ್ತರ ಎಲ್ಲೈತಿ?"

ಅಷ್ಟೇ ಆಗಿತ್ತು. ಪುಡಿ ಸರಿಯುವಷ್ಟರಲ್ಲಿ ಲೋಹ ಹೆಪ್ಪುಗಟ್ಟುತ್ತಿತ್ತು. ಡೈಯನ್ನು 300 ಡಿಗ್ರಿಗೆ ಕಾಯಿಸಿ ಸುರಿದೆವು. ಈ ಸಲ ಕೊಯ್ದು ಪಾಲಿಶ್ ಮಾಡಿದಾಗ ಹೊರಬದಿಗೆ ನಾಲ್ಕು ಮಿಮೀ ಕಪ್ಪು ಪಟ್ಟಿ, ಅಲ್ಲಿಂದ ತೆಳುವಾಗುತ್ತ ಬಂದು ಒಳಗೆ ಬರೀ ಹೊಳೆಯುವ ಅಲ್ಯೂಮಿನಿಯಂ.

ಲೇತ್‌ನವನು ಮಾತ್ರ ಬೈದ. ಗ್ರೈಂಡಿಂಗ್ ಕಲ್ಲಿಗೆ ಬಳಸುವ ಪುಡಿಯೇ ಅದು, ಲೇತಿನ ಕಾರ್ಬೈಡ್ ಟಿಪ್‌ಗಳ (ಕತ್ತರಿಸುವ ತುದಿಗಳ) ಅಂಚು ನುಂಗಿಹಾಕಿತು. ವಜ್ರದ ಟಿಪ್ ತರಿಸಬೇಕಾಯಿತು, ಲಾಭವೂ ಅದರಲ್ಲೇ ಹೋಯಿತು.

ಇದನ್ನೇ ತಿರುವುಮುರುವು ಮಾಡಿ, ಎಣ್ಣೆ ಬೇಡದ ಬುಷ್‌ಗೆಂದು (ಶಾಫ್ಟ್ ತಿರುಗುವ ಬಳೆಗೆಂದು) ಗ್ರಾಫೈಟ್ ಹಾಕಿ ನೋಡಿದೆ. ಹಗುರವಾದ್ದರಿಂದ ಅದು ಒಳಮೈಗೇ ಬಂತು. ಆದರೆ ಕಿಟ್ಟ, ಗಾಳಿಗುಳ್ಳೆಗಳೂ ಹಗುರ, ಅವೂ ಅಲ್ಲಿಗೇ ಬಂದವು. ತುರಿದು ಕಿಟ್ಟ ತೆಗೆದರೆ ಗ್ರಾಫೈಟೂ ಹೋಗುತ್ತದೆ. ಆ ಡೈ ಇನ್ನೂ ಶೆಡ್ಡಿನ ಮೂಲೆಯಲ್ಲಿದೆ.